ದೇವೀರಮ್ಮನ ಹರಕೆ ಹುಂಜ

ಹೋದ ವಾರ ತಾರಸಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ನನ್ನ ಹೆಂಡತಿ ಫಿಲೋಮಿನ ಅಕ್ಕಿ ಸಂಡಿಗೆ ಇಟ್ಟಿದ್ದಳು. ಸಂಡಿಗೆ ಇಡುವುದು ಅಪರಾಧವೇನಲ್ಲ. ಆದರೆ ಹಾಸಿದ್ದ ಬಟ್ಟೆಯ ಅಂಚು ಗಾಳಿಗೆ ಮಗುಚಿಕೊಂಡು ಅಡಿಯಿಂದ ಒಂದು ಬಿಳಿ ಗಡ್ಡ ಕಾಣಿಸಿತು. ಬಗ್ಗಿ ನೋಡಿದರೆ ಮೋಶೆ! ಸುಮಾರು ಮೂವತ್ತು ವರ್ಷದ ಹಿಂದೆ ನಾನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗಿಸಿದ, ದೇವರ ಹತ್ತು ಕಟ್ಟಳೆಗಳ ಚಿತ್ರಪಟ ಅದು.

"ಏನೇ ಇದು ಅನ್ಯಾಯ?" ಅಂದೆ.

"ಅಟ್ಟದಲ್ಲಿ ಇಲಿ ತಿನ್ನೋದಕ್ಕಿಂತ ವಾಸಿ ಅಲ್ವಾ? ಅದೂ ಹಿಂಭಾಗಕ್ಕೆ ಇಟ್ಟಿದ್ದೀನಿ, ಮುಂಭಾಗಕ್ಕಲ್ಲ," ಅಂದಳು.

ಹತ್ತು ಕಟ್ಟಳೆಗಳಲ್ಲಿ ಸಂಡಿಗೆಯ ಬಗ್ಗೆ ಯಾವುದಾದರೂ ಇದೆಯೇ ಎಂದು ಮನಸ್ಸಿನಲ್ಲೇ ಎಣಿಸಿ ನೋಡಿದೆ. ಇರಲಿಲ್ಲ. ತೆಪ್ಪಗೆ ಕಾಗೆ ಓಡಿಸುತ್ತ ಕೂತೆ.

ನಾನು ಉಪದೇಶಿಯಾಗಿದ್ದವನು. ಉಪದೇಶಿ ಎಂದರೆ ಪಾದ್ರಿಯಲ್ಲ, ಸಂಸಾರಸ್ಥ. ಪಾದ್ರಿಗಳು ಹೋಗಲಾಗದ ಊರಿಗೆ ಸೈಕಲ್ ತುಳಿದುಕೊಂಡು ಹೋಗಿ, ಮಕ್ಕಳಿಗೂ ಹೊಸಬರಿಗೂ ಧರ್ಮದ ಪಾಠ ಹೇಳಿ ಬರುವವನು. ತೊಂಬತ್ತರ ದಶಕದ ನಡುವೆ ನಂಜನಗೂಡಿನಲ್ಲಿ ಮನೆ ಮಾಡಿಕೊಂಡು, ವಾರಕ್ಕೆ ಮೂರು ದಿನ ಸೈಕಲ್ಲನ್ನು ಬಸ್ಸಿನ ಮೇಲೇರಿಸಿ ತಿರುಮಕೂಡಲು ನರಸೀಪುರದ ಕಡೆ ಹೋಗುತ್ತಿದ್ದೆ. ಹೆಸರು ರಾಯಪ್ಪ. ಯೇಸುವಿನ ಶಿಷ್ಯ ಪೇತ್ರನನ್ನು ನಮ್ಮ ಹಳಬರು ರಾಯಪ್ಪ ಎಂದು ಕರೆದರು. ಕೋಳಿ ಕೂಗುವುದರೊಳಗೆ ಗುರುವೇ ಗೊತ್ತಿಲ್ಲವೆಂದು ಮೂರು ಸಲ ಹೇಳಿದ ಮಹಾನುಭಾವ ಅವನು. ಆ ಹೆಸರಿನವನಿಗೂ ಕೋಳಿಗೂ ಆಗಿಬರುವುದಿಲ್ಲವೆಂದು ಆಮೇಲೆ ನನಗೆ ಚೆನ್ನಾಗಿ ಗೊತ್ತಾಯಿತು.

ಆ ಚಿತ್ರಪಟವನ್ನು ಬರೆದುಕೊಟ್ಟವನು ನಂಜನಗೂಡಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಒಬ್ಬ ಪೇಂಟರು. ಮೋಶೆಯನ್ನು ಹೇಗೋ ಬರೆದ. ಬೆಟ್ಟದ ಕೆಳಗೆ ಜನ ತಪ್ಪು ತಿಳಿದು ಪೂಜಿಸಿದ ಬಂಗಾರದ ಕರು ಇರಬೇಕಿತ್ತಲ್ಲ, ಅದಕ್ಕೆ ಮಾತ್ರ ಅವನು ಪ್ರಾಣವನ್ನೇ ಸುರಿದುಬಿಟ್ಟಿದ್ದ. ಹುಟ್ಟಿದಾಗಿನಿಂದ ಬಸವನನ್ನು ನೋಡಿ ಬೆಳೆದ ಕೈ ಅದು. ಕೊರಳಿಗೆ ಗೆಜ್ಜೆ, ಹಣೆಗೆ ಪದಕ, ಬೆನ್ನಿಗೆ ಜೂಲು. ಊರಲ್ಲಿ ಪಟ ಬಿಚ್ಚಿದ ಕೂಡಲೇ ಹೆಂಗಸರು ಮೋಶೆಯನ್ನು ಬಿಟ್ಟು ಕರುವಿಗೆ ಕೈಮುಗಿಯುತ್ತಿದ್ದರು. "ಇದು ಪೂಜಿಸಬಾರದ್ದು" ಎಂದು ನಾನು ಬಾಯಿ ಬಡಿದುಕೊಂಡರೆ, "ಇಷ್ಟು ಲಕ್ಷಣವಾಗಿ ಅದೆಯಲ್ಲ ಸಾ!" ಎನ್ನುತ್ತಿದ್ದರು. ಕೊನೆಗೆ ಕರುವಿನ ಮೇಲೆ ಕಂದು ಕಾಗದ ಅಂಟಿಸಿದೆ. ಆಗ ಮಕ್ಕಳೆಲ್ಲ ಮೋಶೆಯನ್ನೂ ಕಟ್ಟಳೆಗಳನ್ನೂ ಬಿಟ್ಟು ಕಾಗದದ ಕೆಳಗೇನಿದೆ ಎಂದು ಕೆರೆಯತೊಡಗಿದರು.

ಕಟ್ಟಳೆ ಎಂದರೆ ನನಗೆ ಚಿಕ್ಕಂದಿನಿಂದಲೂ ಒಂದು ಹುಚ್ಚು. ಒಂಬತ್ತನೆಯ ವಯಸ್ಸಿಗೆ ಮೊದಲ ಸಲ ಪಾಪನಿವೇದನೆಗೆ ಹೋಗುವ ಹಿಂದಿನ ದಿನ, ಕಪಿಲಾ ನದಿಯ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಒಂದರಿಂದ ಹತ್ತರವರೆಗೆ ಅಂಕಿ ಹಾಕಿ, ಎದುರಿಗೆ ಪಾಪಗಳನ್ನು ತುಂಬಿಸಿದೆ. ಕೆಲವು ಅಂಕಿಗಳ ಮುಂದೆ ಖಾಲಿ ಉಳಿಯಿತು. ಪರೀಕ್ಷೆಯಲ್ಲಿ ಉತ್ತರ ಬಿಡಬಾರದೆಂದು ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ, ಹಾಗಾಗಿ ಆರನೆಯದಾದ ವ್ಯಭಿಚಾರದ ಮುಂದೆ "ನಾಲ್ಕು ಸಲ" ಎಂದು ಬರೆದೆ. ಮರುದಿನ ಅದನ್ನು ಗಟ್ಟಿಯಾಗಿ ಓದಿದಾಗ ಪರದೆಯ ಆಚೆ ಪಾದ್ರಿಗಳಿಗೆ ಬಂದ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅಂಥ ನಾನು ಬೆಳೆದು ದೊಡ್ಡವನಾಗಿ ಎಂಥ ಉಪದೇಶಿಯಾಗಿರಬಹುದೆಂದು ನೀವೇ ಊಹಿಸಿಕೊಳ್ಳಿ. ಏನು ಕೇಳಿದರೂ ನನ್ನ ಬಳಿ ನಂಬರು ಹಾಕಿದ ಉತ್ತರವಿತ್ತು.

ದೇವೀರಮ್ಮ ಸಿಗುವವರೆಗೆ.

ನರಸೀಪುರದಿಂದ ಬನ್ನೂರು ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ ಅವಳ ಮನೆ. ಗಂಡ ಇನ್ನಾಸಪ್ಪ ಗಾರೆ ಕೆಲಸದವನು, ಹುಟ್ಟಿನಿಂದ ನಮ್ಮವನು. ಅವಳು ಮೂಗೂರಿನ ಕಡೆಯ ಒಂದು ಹಳ್ಳಿಯವಳು, ಮಾರಮ್ಮನ ಒಕ್ಕಲು. ಮದುವೆಯಾಗಿ ಹನ್ನೊಂದು ವರ್ಷವಾದರೂ ಇನ್ನಾಸಪ್ಪ ಒಂದು ದಿನವೂ ಅವಳನ್ನು ನಮ್ಮ ಧರ್ಮಕ್ಕೆ ಬಾ ಎಂದು ಕರೆದವನಲ್ಲ. ಈಗ ಅವಳಾಗಿಯೇ ಹೊರಟಿದ್ದಳು. ಮಗಳು ಜ್ಯೋತಿಗೆ ಎಂಟು ವರ್ಷ. ಬರುವ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವವಳಿದ್ದಳು. "ನನ್ ಮಗ ಒಳಗೆ ಪ್ರಸಾದ ತಕ್ಕೊಳುವಾಗ ನಾನು ಬಾಗ್ಲಲ್ಲಿ ಚಪ್ಲಿ ಕಾಯ್ಕಂಡು ನಿಂತಿರ್ಲಾ ಸಾ?" ಎಂದು ಕೇಳಿದಳು. ಆ ಕಡೆ ಹೆಣ್ಣುಮಕ್ಕಳನ್ನೂ ಮುದ್ದಿಗೆ ಮಗ ಎನ್ನುತ್ತಾರೆ. ಅದೇ ಹಬ್ಬದ ದಿನ ಅವಳಿಗೂ ತಲೆಗೆ ನೀರು ಹಾಕಿ ಧರ್ಮಕ್ಕೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಎಂದು ನಿಶ್ಚಯವಾಯಿತು. ನಾನು ಪಾಠ ಶುರು ಮಾಡಿದೆ.

ಮೊದಲ ದಿನವೇ ಜಗಲಿಯ ಮೇಲೆ ಪಟ ಬಿಚ್ಚುತ್ತಿದ್ದಂತೆ ಎಲ್ಲಿಂದಲೋ ಒಂದು ಹುಂಜ ಹಾರಿಬಂದು ನನ್ನ ಮೊಣಕಾಲಿನ ಕೆಳಗೆ ಕುಕ್ಕಿತು. ರಕ್ತ ಬಂತು. ಅಷ್ಟು ದೊಡ್ಡ ಹುಂಜವನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಕೆಂಪು ಮೈ, ಕಪ್ಪು ಬಾಲ, ಒಂದು ಕಾಲಿಗೆ ಅರಿಸಿನದ ದಾರ. ಮನೆಯಲ್ಲಿ ಯಾರೂ ಅದನ್ನು ಗದರುತ್ತಿರಲಿಲ್ಲ. ಅಕ್ಕಿಯ ಮೊರಕ್ಕೇ ಬಾಯಿ ಹಾಕಿದರೂ "ಓಗಪ್ಪಾ ಅತ್ಲಾಗೆ" ಎಂದು ಮರ್ಯಾದೆಯಿಂದ ಹೇಳುತ್ತಿದ್ದರು. ಇನ್ನಾಸಪ್ಪ ಮಾತ್ರ ಪ್ರತಿ ಭಾನುವಾರ ಅದನ್ನೇ ನೋಡುತ್ತ ಒಂದು ನಿಟ್ಟುಸಿರು ಬಿಟ್ಟು ಉಪ್ಸಾರು ಮುದ್ದೆ ಉಣ್ಣುತ್ತಿದ್ದ.

ನಾಲ್ಕನೆಯ ಪಾಠದ ದಿನ ದೇವೀರಮ್ಮ ಬಾಯಿಬಿಟ್ಟಳು. "ಸಾ, ಒಂದ್ ಅರಕೆ ಉಳ್ಕಂಡದೆ."

ಮೂರು ವರ್ಷದ ಹಿಂದೆ ಜ್ಯೋತಿಗೆ ದಡಾರವೆದ್ದು, ಮೈಯೆಲ್ಲ ಕೆಂಡವಾಗಿ, ಎರಡು ದಿನ ಕಣ್ಣು ಬಿಡಲಿಲ್ಲವಂತೆ. ಇವಳು ತವರಿನ ಮಾರಮ್ಮನಿಗೆ, ಮಗು ಉಳಿದರೆ ಹುಂಜ ಕೊಡುತ್ತೇನೆ ಎಂದು ಹೇಳಿಕೊಂಡಳು. ಮಗು ಉಳಿಯಿತು. ಮರಿ ತಂದು ದಾರ ಕಟ್ಟಿ ಸಾಕಿದಳು. ಆ ವರ್ಷ ಮಾವ ತೀರಿಕೊಂಡು ಸೂತಕ ಬಂತು. ಮರುವರ್ಷ ತವರಿನ ಅಣ್ಣನೊಂದಿಗೆ ಮಾತು ಬಿಟ್ಟುಹೋಯಿತು. ಈಗ ನೋಡಿದರೆ ನನ್ನ ಪಾಠ ಬಂದು ಕೂತಿತ್ತು.

"ಕೊಡಕೂಡದು," ಎಂದೆ ನಾನು ತಕ್ಷಣ. "ಒಂದನೆಯ ಕಟ್ಟಳೆ. ಒಬ್ಬನೇ ದೇವರು. ಬೇರೆ ಎಲ್ಲೂ ಬಲಿ ಕೊಡುವಂತಿಲ್ಲ."

"ಮಾತು ಕೊಟ್ಟಿವ್ನಲ್ಲ ಸಾ? ಸುಳ್ಳಾಡ್ಬ್ಯಾಡ ಅಂತ ಎಂಟ್ನೇದ್ರಲ್ಲಿ ನೀವೇ ಯೋಳ್ಕೊಟ್ರಿ. ಒಂದ್ನೇದೂ ಎಂಟ್ನೇದೂ ಜಗಳಕ್ಕೆ ಬಿದ್ರೆ ನಾನು ಯಾರ್ ಕಡೆ ನಿಂತ್ಕಳನೆ?"

ನಂಬರುಗಳನ್ನು ಅಲ್ಲಿಗೇ ಬಿಟ್ಟೆ. ಮನೆಯಲ್ಲೇ ಕುಯ್ದು ಸಾರು ಮಾಡಿ ಎಂದೆ. ಇನ್ನಾಸಪ್ಪನ ಮುಖ ಅರಳಿತು. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ಅರಕೆ ಕೋಳಿ ಮನೇಲಿ ತಿನ್ನದಾ? ಶಿವನೇ!" ಎಲ್ಲಾದರೂ ಬಿಟ್ಟುಬಿಡಿ ಎಂದೆ. ದಾರ ಕಟ್ಟಿದ ಕೋಳಿಯನ್ನು ಯಾರೂ ಮುಟ್ಟುವುದಿಲ್ಲ, ಅದು ತಿರುಗಿ ಮನೆಗೇ ಬರುತ್ತದೆ ಎಂದಳು. ಇದೆಲ್ಲ ಮೂಢನಂಬಿಕೆ ಎಂದು ನಾನು ರೇಗಿದಾಗ ಅವಳು ನನ್ನ ಮುಖವನ್ನೇ ನೋಡಿ, "ನಿಮ್ಗಿನ್ನೂ ಮಕ್ಕಳಾಗಿಲ್ಲ ಅಲ್ವಾ ಸಾ?" ಎಂದಳು. ಬೈದಿದ್ದರೆ ವಾಸಿಯಿತ್ತು.

ಪಾಸ್ಕಕ್ಕೆ ಎರಡು ವಾರ ಇರುವಾಗ ಜ್ಯೋತಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಮಾಮೂಲಿ ಜ್ವರ ಎಂದು ಮಾತ್ರೆ ಕೊಟ್ಟರು. ನಾನು ಹೋದಾಗ ದೇವೀರಮ್ಮ ಮಗುವಿನ ಅಂಗಾಲು ಉಜ್ಜುತ್ತ, ಹುಂಜವನ್ನು ನೋಡುತ್ತ ಕೂತಿದ್ದಳು. ಪುಸ್ತಕ ಮುಟ್ಟಲಿಲ್ಲ. "ನಂಗೆ ಸ್ನಾನ ಬ್ಯಾಡ ಸಾ. ಮಾರಮ್ಮ ಕೇಳ್ತಾವ್ಳೆ. ನಾನ್ ಎತ್ಲಾಗೋ ಸೇರ್ಕಂಡು ನನ್ ಮಗಿನ ಬಿಟ್ಕೊಡ್ಲಾ?" ಎಂದು ಅತ್ತಳು. ಪಟ ಸುತ್ತಿಕೊಂಡು ಬಂದೆ.

ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ನಾನು ಗೆದ್ದವನ ಹಾಗೆ ಹೋಗಿ, "ನೋಡಿದ್ರಾ?" ಅಂದೆ. "ಈ ಸಲ ಬುಡ್ತು. ಮುಂದಿನ್ ಸಲ?" ಅಂದಳು ಅವಳು. ಜ್ವರ ಇಳಿದರೂ ಅವಳ ಹೆದರಿಕೆ ಒಂದು ಡಿಗ್ರಿಯೂ ಇಳಿದಿರಲಿಲ್ಲ.

ಅವಳೊಡನೆ ವಾದ ಬೇಡವೆಂದು ಅಂದು ಜ್ಯೋತಿಯನ್ನು ಕೂರಿಸಿಕೊಂಡು ಅಬ್ರಹಾಮನ ಕಥೆ ಹೇಳಿದೆ. ದೇವರು ಮಗನನ್ನು ಬಲಿ ಕೊಡು ಎಂದದ್ದು, ಅವನು ಕತ್ತಿ ಎತ್ತಿದ್ದು, ದೇವರೇ ಕೈ ತಡೆದದ್ದು, ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಟಗರು ಮಗನ ಬದಲಿಗೆ ಹೋದದ್ದು. ಒಳಗೆ ರಾಗಿ ಬೀಸುತ್ತಿದ್ದ ಕಲ್ಲು ನಿಂತಿತು. ದೇವೀರಮ್ಮ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊಸ್ತಿಲಿಗೆ ಬಂದಳು.

"ಮಗಿನ್ ಬದ್ಲು ಟಗರು. ಟಗರಿನ್ ಬದ್ಲು ಯಾರು ಸಾ?"

"ಯೇಸುಸ್ವಾಮಿ," ಎಂದೆ, ಬಾಯಿಪಾಠದಂತೆ. "ಎಲ್ಲರ ಬದಲಿಗೂ ಅವರೇ. ಅಲ್ಲಿಗೆ ಬಲಿಯೆಲ್ಲ ಮುಗಿಯಿತು."

"ಅಂಗಾರೆ ಈ ಕೋಳಿ ಬದ್ಲೂ ಅವ್ರೇ ಸತ್ತಂಗಾಯ್ತಲ್ಲ?"

ನನ್ನ ಯಾವ ಪುಸ್ತಕದಲ್ಲೂ ಕೋಳಿಯ ಪ್ರಸ್ತಾಪವಿರಲಿಲ್ಲ. ಆದರೆ ಅಲ್ಲ ಎನ್ನುವುದಕ್ಕೂ ಕಾರಣ ಸಿಗಲಿಲ್ಲ.

"ಈ ಮಾತ ಮಾರಮ್ಮಂಗೆ ಯೋಳ್ಬೇಕಲ್ಲ ಸಾ," ಎಂದಳು. "ಗೊತ್ತಿಲ್ದೆ ಅವ್ಳು ಕಾಯ್ಕಂಡು ಕೂತಿದ್ರೆ? ನೀವೇ ಬಂದು ಯೋಳ್ಬುಡಿ. ನಂಗೆ ಅಷ್ಟು ಮಾತು ಬರಕಿಲ್ಲ."

ನಂಜನಗೂಡಿಗೆ ವಾಪಸ್ಸಾಗುವ ಬಸ್ಸಿನಲ್ಲಿ ನನಗೆ ಇದೇ ಯೋಚನೆ. ಉಪದೇಶಿಯೊಬ್ಬ ಮಾರಿಗುಡಿಯ ಮುಂದೆ ನಿಂತರೆ ಮೇಲಿನವರು ಏನನ್ನುತ್ತಾರೆ? ಕೆಲಸ ಉಳಿಯುತ್ತದೆಯೇ? ನೇರವಾಗಿ ಫಾದರ್ ಚೌರಪ್ಪನವರ ಬಳಿ ಹೋದೆ. ಅವರು ನಮ್ಮ ಚರ್ಚಿನ ಪಾದ್ರಿಗಳು, ವಯಸ್ಸಾದವರು, ಮಾತು ಕಡಿಮೆ. ರಸಬಾಳೆಯ ಸಿಪ್ಪೆ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. "ನೀನು ಹೇಳಿಕೊಡೋ ಪಾಠ ನಿಜ ತಾನೆ?" ಎಂದರು. ನಿಜ ಎಂದೆ. "ಹಾಗಾದರೆ ಎಲ್ಲಿ ನಿಂತು ಹೇಳಿದರೂ ನಿಜವೇ. ಪೂಜೆ ಮಾಡಬೇಡ, ಪಾಠ ಮಾಡಿ ಬಾ." ಬಾಗಿಲು ದಾಟುವಾಗ ಹಿಂದಿನಿಂದ, "ರಾಯಪ್ಪ, ಅಲ್ಲಿ ಯಾರಾದರೂ ಕೇಳಿದರೆ ಗುರು ಗೊತ್ತಿಲ್ಲ ಅನ್ನಬೇಡ. ಕೋಳಿ ಜೊತೆಗೇ ಇರುತ್ತೆ," ಎಂದು ನಕ್ಕರು.

ಪಾಸ್ಕದ ಹಿಂದಿನ ಮಂಗಳವಾರ ಬೆಳಿಗ್ಗೆ ಹೊರಟೆವು. ದೇವೀರಮ್ಮ, ನಾನು, ಚೀಲದಿಂದ ಕತ್ತು ಹೊರಗೆ ಹಾಕಿದ ಹುಂಜ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಕಾಲಿನ ದಾರ ನೋಡಿದ್ದೇ, "ಅರಕೆ ಕೋಳಿ ಕಣ್ರೀ, ಜಾಗ ಬುಡಿ," ಎಂದು ಇಬ್ಬರನ್ನು ಎಬ್ಬಿಸಿ ನಮ್ಮನ್ನು ಕೂರಿಸಿದ. ಉಪದೇಶಿಯಾಗಿ ಅಷ್ಟು ದಿನ ತಿರುಗಿದ ದಾರಿಯಲ್ಲಿ ನನಗೆ ಸೀಟು ಸಿಕ್ಕಿದ್ದು ಅದೊಂದೇ ಸಲ. "ಯಾವ್ ತಾಯಿಗೆ ಸಾ?" ಎಂದು ಪಕ್ಕದವರು ಕೇಳಿದಾಗ ಕಿಟಕಿಯ ಆಚೆ ಕಬ್ಬಿನ ಗದ್ದೆಯನ್ನು ಬಹಳ ಆಸಕ್ತಿಯಿಂದ ನೋಡಿದೆ. ಅದನ್ನು ಒಂದನೆಯ ಸಲ ಎಂದೇ ಲೆಕ್ಕ ಹಿಡಿಯಬೇಕು.

ಬೇವಿನ ಮರದಡಿ ಹೆಂಚಿನ ಪುಟ್ಟ ಗುಡಿ. ಪೂಜಾರಿ ಮಾದಯ್ಯ ಅರವತ್ತು ದಾಟಿದವರು. ಹುಂಜ ನೋಡಿದ ಕೂಡಲೇ ಮಚ್ಚು ತೆಗೆದು ಕಲ್ಲಿನ ಮೇಲಿಟ್ಟು, ಚೊಂಬಿನಲ್ಲಿ ನೀರು ತುಂಬಿದರು. ನಾನು ಮುಂದೆ ಹೋಗಿ, ಗಂಟಲು ಸರಿಮಾಡಿಕೊಂಡು, ಆದಿಯಲ್ಲಿ ದೇವರು ಎಂದು ಶುರು ಮಾಡಿದೆ. ಪಾಪ ಬಂದ ಬಗೆ, ಕಟ್ಟಳೆ ಬಂದ ಬಗೆ, ಪ್ರಾಯಶ್ಚಿತ್ತ, ರಕ್ಷಣೆ. ಮಾದಯ್ಯ ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಿ ಕೈ ಎತ್ತಿದರು.

"ವಸಿ ತಡೀರಿ ಸಾ. ಈ ಕೋಳಿ ಬದ್ಲು ಯಾರೋ ಸತ್ತವ್ರೆ ಅಂತೀರಾ?"

"ಹೌದು."

"ರಕ್ತ ಬಿತ್ತಾ?"

"ಬಿತ್ತು."

"ಇಡ್ಕಂಡು ಕಟ್ಟಾಕಿ ಕುಯ್ದದ್ದಾ, ಅವ್ರೇ ಒಪ್ಕಂಡು ಬಂದದ್ದಾ?"

ತರಬೇತಿಯಲ್ಲಿ ನಮಗೆ ಪಾಠ ಹೇಳಿದ ಯಾವ ವಿದ್ವಾಂಸರೂ ಇಷ್ಟು ನೇರವಾಗಿ ವಿಷಯದ ಬುಡಕ್ಕೆ ಕೈ ಹಾಕಿರಲಿಲ್ಲ. "ಒಪ್ಪಿಕೊಂಡೇ ಬಂದರು," ಎಂದೆ.

ಮಾದಯ್ಯ ಕಲ್ಲಿನ ಮೇಲಿನ ಮಚ್ಚನ್ನು ಪಕ್ಕಕ್ಕೆ ಸರಿಸಿದರು. "ನಲ್ವತ್ತು ವರ್ಷದಿಂದ ಕುಯ್ತಾ ಇವ್ನಿ ಸಾ. ಮೊದ್ಲು ತಲೆಗೆ ನೀರು ಚುಮುಕುಸ್ತೀವಿ. ಕೋಳಿ ತಲೆ ಒದರ್ದ್ರೆ, ಒಪ್ಕಂಡ್ತು ಅಂತೀವಿ. ನೀರು ಬಿದ್ರೆ ಯಾವ್ದು ತಾನೆ ಒದ್ರಕಿಲ್ಲ? ಒಪ್ಕಂಡು ಬಂದದ್ದು ಒಂದ್ನೂ ನಾನು ಕಾಣೆ."

ಹೀಗೆಂದವರು, ಕೈಯ ಅಭ್ಯಾಸವೋ ಏನೋ, ಚೊಂಬು ಎತ್ತಿಕೊಂಡರು. "ಆದ್ರೂ ಒಂದ್ ಮಾತು ತಾಯ್ನ ಕೇಳ್ಬುಡಾನೆ."

ಈಗ ಒಂದು ಗುಟ್ಟು ಹೇಳುತ್ತೇನೆ. ಆ ಕ್ಷಣ ನಾನು ನಿಜವಾಗಿ ಹೆದರಿದೆ. ಹುಂಜ ತಲೆ ಒದರಿಬಿಟ್ಟರೆ ಗತಿಯೇನು? ಮೂಢನಂಬಿಕೆ ಎಂದು ರೇಗಿದ ಬಾಯಿಯಲ್ಲೇ, ಸ್ವಾಮಿ, ಈ ಕೋಳಿ ಅಲುಗಾಡದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಎರಡು ಸಾವಿರ ವರ್ಷದ ನನ್ನ ಧರ್ಮವನ್ನು ಒಂದು ಕೋಳಿಯ ಕತ್ತಿನ ಮೇಲೆ ನಿಲ್ಲಿಸಿಬಿಟ್ಟಿದ್ದೆ.

ನೀರು ಬೀಳುವಷ್ಟರಲ್ಲಿ ದೇವೀರಮ್ಮ ಸೆರಗೆಳೆದು ಹುಂಜದ ತಲೆಗೆ ಮುಚ್ಚಿದಳು. ನೀರು ಅವಳ ತೋಳಿನ ಮೇಲೆ ಬಿತ್ತು.

"ಕೇಳಕ್ಕೆ ಬರ್ನಿಲ್ಲ ಮಾದಣ್ಣ, ಯೋಳಕ್ಕೆ ಬಂದಿವ್ನಿ," ಎಂದಳು. ಆಮೇಲೆ ಗುಡಿಯೊಳಕ್ಕೆ ತಿರುಗಿ, ಪಕ್ಕದ ಮನೆಯವಳೊಡನೆ ಮಾತಾಡುವ ಹಾಗೆ, "ಅವ್ವಾ, ನಿನ್ ಮಾತ ನಾನು ತಪ್ಪಿಸ್ತಾ ಇಲ್ಲ. ನನ್ ಮಗೀಗೆ, ಈ ಕೋಳಿಗೆ, ಎಲ್ಲಾರ್ಗೂ ಸೇರ್ಸಿ ಒಬ್ರು ಕೊಟ್ಬುಟ್ಟವ್ರೆ. ಇನ್ನು ನನ್ನ ಕಾಯ್ಬ್ಯಾಡ," ಎಂದಳು.

ಮಾದಯ್ಯ ಚೊಂಬು ಕೆಳಗಿಟ್ಟರು. "ಸರಿ ಕಣವ್ವ. ಒಂದ್ ಅರಕೆಗೆ ಎಲ್ಡು ಸಲ ರಕ್ತ ಇಸ್ಕಳಕಿಲ್ಲ ನಮ್ ತಾಯಿ," ಎಂದು ಮಚ್ಚಿನ ತುದಿಯಿಂದ ಕಾಲಿನ ದಾರ ಕತ್ತರಿಸಿ ಬೇವಿನ ಬುಡಕ್ಕೆ ಹಾಕಿದರು.

ಪಾಸ್ಕ ಹಬ್ಬದ ಬೆಳಿಗ್ಗೆ ದೇವೀರಮ್ಮ ಫಾದರ್ ಚೌರಪ್ಪನವರ ಮುಂದೆ ತಲೆಬಗ್ಗಿಸಿ ದೀಕ್ಷಾಸ್ನಾನ ತೆಗೆದುಕೊಂಡಳು. ತಾಯಿ ಮಗಳು ಇಬ್ಬರೂ ಒಟ್ಟಿಗೇ ಪ್ರಸಾದಕ್ಕೆ ಬಂದರು. ಮಧ್ಯಾಹ್ನ ಊಟಕ್ಕೆ ಕರೆದಿದ್ದರು. ಇನ್ನಾಸಪ್ಪ ಸಂಕೋಚದಿಂದ, "ದಾರ ಬಿಚ್ಚಾಯ್ತಲ್ಲ, ಇನ್ನು ಇದ್ನ..." ಎಂದು ಹುಂಜದ ಕಡೆ ಕೈ ತೋರಿಸಿದ. "ಅದ್ರ ಬದ್ಲು ಜೀವ ಓಗಾಗದೆ. ತಿರ್ಗ ಅದ್ನೂ ಕುಯ್ಯಕ್ಕಾದದಾ?" ಎಂದು ದೇವೀರಮ್ಮ ಗದರಿದಳು. ಹುಂಜ ಇನ್ನೂ ಐದು ವರ್ಷ ಬದುಕಿ ಮುದಿಯಾಗಿ ಸತ್ತಿತು. ರಕ್ಷಣೆ ಹೊಂದಿತೆಂದು ಅದರ ನಡತೆಯೇನೂ ಸುಧಾರಿಸಲಿಲ್ಲ. ಹಬ್ಬದ ದಿನವೇ ನನ್ನ ಇನ್ನೊಂದು ಕಾಲಿಗೆ ಕುಕ್ಕಿತು.

ಇಲ್ಲಿಗೆ ಮುಗಿಸಿದ್ದರೆ ನಾನು ಒಳ್ಳೆಯ ಉಪದೇಶಿ ಎಂದು ನೀವು ತಿಳಿಯುತ್ತಿದ್ದಿರಿ. ಎರಡು ಸಾವಿರನೆಯ ಇಸವಿ ದಾಟಿ ಏಳೆಂಟು ವರ್ಷಕ್ಕೆ, ಈಗ ಆರಡಿ ಬೆಳೆದು ನನಗೇ ಬುದ್ಧಿ ಹೇಳುವ ನಮ್ಮ ಮಗ ವಿನೋದನಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದ. ಆಗ ಅವನಿಗೆ ಆರು ವರ್ಷ. ನಾಲ್ಕನೆಯ ದಿನ ಡಾಕ್ಟರು, ಇವತ್ತು ಕಳೆಯಲಿ, ನೋಡೋಣ ಎಂದರು. ಫಿಲೋಮಿನ ಒಳಗಿದ್ದಳು, ನಾನು ಹೊರಗಿನ ಬೆಂಚಿನ ಮೇಲೆ. ಬೆಳಗಿನ ಹತ್ತು ಗಂಟೆಯಿರಬಹುದು. ಜ್ಯೋತಿಯನ್ನು ಕಟ್ಟಿಕೊಂಡು ದೇವೀರಮ್ಮ ನರಸೀಪುರದಿಂದ ಬಂದಳು. ಜ್ಯೋತಿ ಆಗಲೇ ಕಾಲೇಜಿನ ಹುಡುಗಿ. ದೇವೀರಮ್ಮ ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿ ನನ್ನ ಮುಂದೆ ಹಿಡಿದಳು. ಬೇಡ ಎಂದೆ. "ಕುಡೀರಿ ಸಾ, ನಿಮ್ ಮುಖ ನೋಡಕಾಯ್ತಿಲ್ಲ," ಎಂದಳು. ಮತ್ತೆ ಬೇಡ ಎಂದೆ. ಅವಳು ಬಿಡುವವಳಲ್ಲ. ಕೊನೆಗೆ ತಲೆ ತಗ್ಗಿಸಿ ಹೇಳಿದೆ: ಮಗ ಉಳಿದರೆ ಸಾಯುವವರೆಗೆ ಕಾಫಿ ಮುಟ್ಟುವುದಿಲ್ಲ ಎಂದು ಹಿಂದಿನ ದಿನ ದೇವರಿಗೆ ಮಾತು ಕೊಟ್ಟಿದ್ದೆ.

ದೇವೀರಮ್ಮ ನಗಲಿಲ್ಲ. ಪಕ್ಕದಲ್ಲಿ ಕೂತಳು.

"ಇವ್ಳಿಗೆ ಓದ್ವರ್ಷ ಅಪೆಂಡಿಸ್ ಆಪರೇಸನ್ ಆಯ್ತಲ್ಲ ಸಾ. ಆವತ್ತು ನಾನೂ ಇಂಗೇ ಬೆಂಚ್ ಮೇಲೆ ಕೂತಿದ್ದೆ."

"ಆಗ ಏನು ಹರಕೆ ಹೊತ್ತಿರಿ?"

"ಏನೂ ಇಲ್ಲ. ನನ್ ಮಗಿನ ಉಳ್ಸಪ್ಪ ಅಂದೆ, ಅಷ್ಟೇ. ಏನೂ ಕೊಡ್ತೀನಿ ಅನ್ನಿಲ್ಲ. ಕೊಡದೆಲ್ಲಾ ಕೊಟ್ಟಾಗದೆ ಅಂತ ನೀವೇ ತಾನೆ ಸಾ ನಮ್ಮ ಅಟ್ಟೀಲಿ ಕುಂತು ಯೋಳಿದ್ದು?"

ನಾನೇ ಹೇಳಿದ್ದು. ಎಷ್ಟು ಊರಲ್ಲಿ, ಎಷ್ಟು ಜಗಲಿಯ ಮೇಲೆ! ನಂಬಿದವಳು ಅವಳು. ನಾನು ಮಗನ ಪ್ರಾಣಕ್ಕೆ ಒಂದು ಲೋಟ ಕಾಫಿ ಹಿಡಿದುಕೊಂಡು ದೇವರೊಡನೆ ವ್ಯಾಪಾರಕ್ಕೆ ಕೂತಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಕುಡಿದುಬಿಟ್ಟು, ಆಮೇಲೆ ಏನಾದರೂ ಆದರೆ?

"ಸ್ವಾಮಿ, ಮಗನನ್ನು ಉಳಿಸು," ಎಂದೆ. ಅದರ ಮುಂದೆ ಏನನ್ನೂ ಸೇರಿಸದಿರಲು ಬಾಯಿ ಬಿಗಿಹಿಡಿಯಬೇಕಾಯಿತು.

ಒಳಗೆ ವಿನೋದನ ಜ್ವರ ಇನ್ನೂ ನೂರಮೂರು ಇತ್ತು. ದೇವೀರಮ್ಮನ ಕೈಯಿಂದ ಲೋಟ ತೆಗೆದುಕೊಂಡು, ಕಾಫಿ ಕುಡಿದೆ.